ಕೊಸರಿಗೆ ಹೋದ ಆಟಗಾರ

ಆಸ್ಟಿನ್
ಮೇ 3, 2025

ಅತ್ತಿ,

ನೀವು ತಪ್ಪು ಮಾಡಿದಿರಿ. ನೂರು ಜನ ನೋಡುತ್ತಿರುವಾಗ ನನ್ನ ಕರಪತ್ರವನ್ನು ನನ್ನ ಕೈಯಿಂದಲೇ ಇಸಿದುಕೊಂಡು, ಓದಿ, ನಾಲ್ಕು ಚೂರು ಮಾಡಿ ಎಂಜಲು ತಟ್ಟೆಗಳ ಡಬ್ಬಿಗೆ ಹಾಕಿದಿರಿ. ವಾದ ಮಾಡಿದ್ದರೆ ಉತ್ತರ ಕೊಡುತ್ತಿದ್ದೆ. ಹರಿದ ಕಾಗದಕ್ಕೆ ಏನು ಉತ್ತರ ಕೊಡಲಿ?

ಫಾರ್ಮರ್ಸ್ ಬ್ರಾಂಚ್‌ನ ಆ ಹಾಲ್ ಹಿಡಿದದ್ದು ನಿಮ್ಮ ಮಗ ಆನಂದ್. ದೊಡ್ಡ ಪರದೆ, ಗಿರಮಿಟ್ಟು, ಮಿರ್ಚಿ ಎಲ್ಲವೂ ಅವನ ಖರ್ಚು. ಫುಟ್‌ಬಾಲ್ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನೋಡಲು ಬಂದವರಿಗೆ ಬಾಗಿಲಲ್ಲಿ ನಿಂತು ನನ್ನ ಕರಪತ್ರ ‘ಮೈದಾನದ ಕೂಲಿ’ ಹಂಚುತ್ತೇನೆ ಎಂದಾಗ ಅವನೇ ಒಪ್ಪಿದ್ದ. ನೀವು ಹರಿದ ಕೂಡಲೇ ನನ್ನ ಗೆಳೆಯ ಋತ್ವಿಕ್ ಕೂಗಿದ್ದು ಕೇಳಿಸಿತಲ್ಲವೇ? “ಫೌಲ್! ಫ್ಲ್ಯಾಗ್ ಬಿತ್ತು ನೋಡ್ರೋ! ಹತ್ತು ಯಾರ್ಡ್ ಹಿಂದಕ್ಕೆ ಹೋಗು ಪ್ರಗತಿ!” ಹಾಲ್ ಪೂರ್ತಿ ನಕ್ಕಿತು. ನಾನು ಉಳಿದ ಪ್ರತಿಗಳನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತೆ. ಇಪ್ಪತ್ತೈದು ವರ್ಷದ ನನಗೆ ಐದನೇ ಇಯತ್ತೆಯ ಹುಡುಗಿಯ ಹಾಗೆ ಕಿವಿ ಬಿಸಿಯಾಗಿತ್ತು.

ನಾನು ಬರೆದದ್ದರಲ್ಲಿ ಸುಳ್ಳೇನಿದೆ? ಡ್ರಾಫ್ಟ್‌ಗೆ ಮೊದಲು ಆ ಹುಡುಗರನ್ನು ಚಡ್ಡಿಯಲ್ಲಿ ನಿಲ್ಲಿಸಿ ತೂಗುತ್ತಾರೆ, ಅಂಗೈ ಅಗಲ ಅಳೆಯುತ್ತಾರೆ, ಓಡಿಸುತ್ತಾರೆ, ಹಾರಿಸುತ್ತಾರೆ. ದನದ ಸಂತೆಯಲ್ಲಿ ಹಲ್ಲು ಎಣಿಸುವುದಕ್ಕೂ ಇದಕ್ಕೂ ಏನು ಅಂತರ? ಹಾಲೊವೇ ನಾಲ್ಕು ವರ್ಷ ನಮ್ಮ ತಂಡಕ್ಕಾಗಿ ಮೈ ಮುರಿದುಕೊಂಡ. ಹೊಸ ಒಪ್ಪಂದ ಕೇಳಿದ್ದಕ್ಕೆ ಅವನನ್ನು ದುರಾಸೆಯವನೆಂದರು, ಡ್ರಾಫ್ಟ್‌ಗೆ ವಾರ ಇರುವಾಗ ಬೇರೆ ತಂಡಕ್ಕೆ ಟ್ರೇಡ್ ಮಾಡಿದರು. ಮನುಷ್ಯನನ್ನು ಕೊಟ್ಟು ಡ್ರಾಫ್ಟ್‌ನಲ್ಲಿ ಆರಿಸುವ ಒಂದು ಸರದಿ, ಒಂದು ಪಿಕ್ ತಗೊಂಡರು. ಇದನ್ನು ಬರೆಯಬಾರದೇ?

ನಿಮ್ಮ ಸಿಟ್ಟಿನ ಮೂಲ ನನಗೆ ಗೊತ್ತು. ಮಾಮಾ ಅವರಿಗೆ ಮೂರು ಡ್ರೈಕ್ಲೀನಿಂಗ್ ಅಂಗಡಿಗಳಿವೆ. ಮಾಲೀಕರ ಮನೆಯಲ್ಲಿ ಮಾಲೀಕರ ಬಗ್ಗೆ ಯಾರೂ ಬರೆಯಬಾರದು.

ಇನ್ನೊಂದು. ಅಂದು ಸಂಜೆ ನನ್ನ ಜೊತೆ ಬಂದಿದ್ದ ಅವ್ವನನ್ನು ನಿಮ್ಮ ಕಾರಿನಲ್ಲಿ ಕೂರಿಸಿಕೊಂಡು ಹೋದಿರಿ. “ನಾಲ್ಕು ದಿನ ಇರ್ತಾಳ” ಎಂದಿರಿ. ವಾರವಾಯಿತು. ಬೇರೆ ತಂಡದ ಆಟಗಾರರನ್ನು ಹೀಗೆ ಕದ್ದು ಒಲಿಸಿಕೊಂಡರೆ ಲೀಗ್‌ನವರು ದಂಡ ಹಾಕುತ್ತಾರೆ, ನೆನಪಿರಲಿ.

ಪ್ರಗತಿ

———

ಸೈಪ್ರೆಸ್
ಮೇ 11, 2025

ಪ್ರಗತಿಗೆ ಅತ್ತಿಯ ಆಶೀರ್ವಾದಗಳು.

ನಿನ್ನ ಕಾಗದ ಬಂತು. ನಾಲ್ಕು ಜನರೆದುರು ಹರಿಯಬಾರದಿತ್ತು. ಅದು ತಪ್ಪು, ಒಪ್ಪಿದೆ.

ಫೋನ್ ಮಾಡಬೇಡ. ಇಲ್ಲಿ ನಿನ್ನ ಮಾಮಾನಿಗೆ ಸ್ಪೀಕರ್ ಹಾಕದಿದ್ದರೆ ಕೇಳಿಸುವುದಿಲ್ಲ, ಹಾಕಿದರೆ ಇಡೀ ಮನೆಗೆ ಕೇಳಿಸುತ್ತದೆ. ನಿನ್ನವ್ವನಿಗೂ. ಬರೆಯುವುದಿದ್ದರೆ ಬರೆ. ನಿನ್ನ ಕೈಬರಹ ನಿನ್ನಪ್ಪನದೇ. ಅವನು ಹೋಗಿ ಎರಡು ವರ್ಷವಾದ ಮೇಲೂ ಲಕೋಟೆ ನೋಡಿದಾಗ ಒಂದು ಗಳಿಗೆ ತಮ್ಮನೇ ಬರೆದನೇನೋ ಅನ್ನಿಸಿತು.

ಮಾಲೀಕರ ಪರ ಎಂದೆಯಲ್ಲ, ಅದಕ್ಕೆ ನನಗೆ ನಗು ಬಂತು. “ಐದು ವರ್ಷಕ್ಕೆ ಸಹಿ ಮಾಡಿ ನಾಲ್ಕಕ್ಕೆ ಮುನಿಸಿಕೊಂಡ್ರ ಹೆಂಗ?” ಎಂದು ನಿನ್ನ ಮಾಮಾ ಹಾಲೊವೇಯನ್ನು ಬೈಯುತ್ತಾರೆ. “ತಂಡದವರು ಯಾವಾಗ ಬೇಕಾದ್ರೂ ಆಟಗಾರನ್ನ ಮನಿಗೆ ಕಳಸ್ತಾರಲ್ರಿ, ಅವಾಗ ಆ ಸಹಿ ಎಲ್ಲಿ ಹೋಗ್ತದ?” ಎಂದು ನಾನು ಕೇಳುತ್ತೇನೆ. ಮೊನ್ನೆ ಇದೇ ಜಗಳದಲ್ಲಿ ಸಾರು ಸೀದು ಹೋಯಿತು.

ಆದರೆ ನನಗೆ ಬೇಜಾರಾದದ್ದು ಹಾಲೊವೇಗೆ ಅಲ್ಲ, ಅವನ ಜೊತೆಗೇ ಕಳಿಸಿಬಿಟ್ಟ ಬ್ರಿಗ್ಸ್‌ಗೆ. ಈ ದೇಶಕ್ಕೆ ಬಂದ ಹೊಸದರಲ್ಲಿ ನಿಯಮ ತಿಳಿಯದೆ ನಾನು ಚೆಂಡು ಎಲ್ಲಿದೆ ಎಂದೇ ನೋಡುತ್ತಿರಲಿಲ್ಲ. ಚೆಂಡಿಲ್ಲದೆ ಗುದ್ದಾಡುವ ಆ ದಪ್ಪ ಗಂಡಸರನ್ನೇ ನೋಡುತ್ತಿದ್ದೆ. ಆ ಅಭ್ಯಾಸ ಹೋಗಿಲ್ಲ. ಬ್ರಿಗ್ಸ್ ಎಡಕ್ಕೆ ನಿಂತರೆ ಗೋಡೆ ನಿಂತ ಹಾಗೆ. ಹಾಲೊವೇ ಓಡಿದ ದಾರಿಯೆಲ್ಲ ಅವನು ತೆರೆದದ್ದು.

ನಿನ್ನವ್ವ ಚೆನ್ನಾಗಿದ್ದಾಳೆ. ಉಣ್ಣುತ್ತಾಳೆ, ನಡೆದಾಡುತ್ತಾಳೆ. ಹೆಚ್ಚು ಮಾತಿಲ್ಲ.

ನಿನ್ನ ಕರಪತ್ರದ ಎರಡನೆಯ ಪುಟವನ್ನು ಇನ್ನೊಮ್ಮೆ ಓದು. ನೀನೇ ಓದಿ ತಿಳಿದುಕೊಂಡರೆ ನಾನು ಹೇಳುವುದು ತಪ್ಪುತ್ತದೆ.

ಶಾಂತವ್ವ

———

ಆಸ್ಟಿನ್
ಮೇ 25, 2025

ಅತ್ತಿ,

ಎರಡನೆಯ ಪುಟವನ್ನು ಹತ್ತು ಸಲ ಓದಿದೆ. ಆಫೀಸಿನಿಂದ ಹೊರಬಿದ್ದು, ದ ಡೊಮೇನ್ ಮಾಲ್‌ನ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಜೋರಾಗಿಯೂ ಓದಿದೆ. ನಿಮಗೆ ನೋವಾದ ಸಾಲು ಇದೇ ಇರಬೇಕು: “ಇಸ್ತ್ರಿ ಅಂಗಡಿಯಲ್ಲಿ ಎಂಟು ತಾಸು ನಿಲ್ಲುವವಳೂ ಮೈದಾನದಲ್ಲಿ ಕಾಲು ಮುರಿದುಕೊಳ್ಳುವವನೂ ಒಂದೇ ಕೂಲಿಯ ಮಕ್ಕಳು.” ಇದರಲ್ಲಿ ಮಾಮಾ ಅವರ ಹೆಸರಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರೆ ನಾನೇನು ಮಾಡಲಿ?

ಬ್ರಿಗ್ಸ್ ಬಗ್ಗೆ ಬರೆದಿರಿ. ಅವನ ಬಗ್ಗೆ ನಾನೂ ಬರೆದಿದ್ದೇನೆ, ಅದೇ ಪುಟದ ಕೊನೆಗೆ. ನೀವು ಹರಿದುಹಾಕಿದ್ದರಿಂದ ಮತ್ತೆ ನಕಲು ಮಾಡಿ ಕಳಿಸುತ್ತೇನೆ:

“ಟ್ರೇಡ್ ಎಂದರೆ ನಮ್ಮ ಮಾತಿನಲ್ಲಿ ಸಾಟಿ, ಒಂದು ಕೊಟ್ಟು ಇನ್ನೊಂದು ತರುವುದು. ಈ ಸಾಟಿಯಲ್ಲಿ ಬ್ರಿಗ್ಸ್ ಎಂಬ ಹಳೆಯ ಆಟಗಾರ ಬರೀ ಕೊಸರು. ಬದನೆಕಾಯಿ ತೂಗಿದ ಮೇಲೆ ಗಿರಾಕಿಯ ಸಮಾಧಾನಕ್ಕೆ ಚೀಲಕ್ಕೆ ಎಸೆಯುವ ಒಂದು ಕಾಯಿ. ಹಾಲೊವೇ ಕೂಗಾಡಿದ, ಅವನಿಗೆ ಸಲಾಂ. ಬ್ರಿಗ್ಸ್ ಬಾಯಿ ತೆರೆಯಲಿಲ್ಲ. ಕೊಸರಾಗಿ ಹೋಗಿಯೂ ಬಾಯಿ ತೆರೆಯದವರು ತಮ್ಮ ಬೆಲೆ ತಾವೇ ಒಪ್ಪಿಕೊಂಡವರು. ಅವರ ಮೌನವೇ ಮಾಲೀಕನ ಆಸ್ತಿ.”

ಇಡೀ ಕರಪತ್ರದಲ್ಲಿ ನನಗೆ ಹೆಚ್ಚು ಇಷ್ಟವಾದ ಮಾತು ಇದು. ಋತ್ವಿಕ್ ಕೂಡ “ಕೊಸರು ಸಖತ್ ವರ್ಡ್ ಕಣೇ” ಎಂದ. ಅವನು ಮೈಸೂರಿನವನು, ನಮ್ಮ ಕಡೆಯ ಮಾತನ್ನು ಸುಲಭಕ್ಕೆ ಹೊಗಳುವವನಲ್ಲ.

ಅವ್ವನಿಗೂ ಇಷ್ಟವಾಗಿತ್ತು. ನಿಮಗೆ ಗೊತ್ತಿಲ್ಲದ ಸಂಗತಿ ಹೇಳುತ್ತೇನೆ: ಅಷ್ಟೂ ಪ್ರತಿಗಳನ್ನು ಮಡಚಿದವಳು ಅವ್ವ. ಊಟದ ಮೇಜಿನ ಮೇಲೆ ಹರಡಿಕೊಂಡು, ಉಗುರಿನಿಂದ ಗೀರಿ, ಅಂಚಿಗೆ ಅಂಚು ಕೂಡಿಸಿ ಮಡಚಿದಳು. ಮೊದಲಿನದನ್ನು ಪೂರ್ತಿ ಓದಿದಳು. ಹೇಗಿದೆ ಎಂದು ಕೇಳಿದೆ. “ಅಕ್ಷರ ಚಂದ ಮೂಡ್ಯಾವ” ಎಂದಳು. ಅವಳಿಗಿಲ್ಲದ ತಕರಾರು ನಿಮಗೇಕೆ?

ಅವ್ವ ಯಾವಾಗ ಬರುತ್ತಾಳೆ? ಮೆಸೇಜ್ ಹಾಕಿದರೆ “ಆರಾಮ ಇದ್ದೇನಿ” ಎಂದಷ್ಟೇ ಬರುತ್ತದೆ.

ಪ್ರಗತಿ

———

ಸೈಪ್ರೆಸ್
ಜೂನ್ 15, 2025

ಪ್ರಗತಿ,

ಮೂರು ವಾರ ಬರೆಯಲಿಲ್ಲ. ನಿನ್ನವ್ವ ಆ ಕಾಗದಗಳನ್ನು ಮಡಚಿದ್ದು ನನಗೆ ಗೊತ್ತಿತ್ತು. ಅಂದು ಹ್ಯೂಸ್ಟನ್ ಕಡೆ ನಮ್ಮ ಮನೆಗೆ ಬರುವ ದಾರಿಯಲ್ಲಿ ಅವಳು ಆಡಿದ ಮಾತು ಅದೊಂದೇ. “ಮ... ಮಡಚು ಅಂದ್ಲು. ಮಡಚಿದೆ.”

ನೀನು ಓದಿ ತಿಳಿಯಲಿಲ್ಲ. ತಿಳಿಯುವಂತೆಯೂ ಇರಲಿಲ್ಲ, ಏಕೆಂದರೆ ನಾವು ಯಾರೂ ನಿನಗೆ ಹೇಳಿಲ್ಲ. ನಾನು ನಿನ್ನಪ್ಪನ ಅಕ್ಕ, ನಿನ್ನ ಮಾಮಾ ನಿನ್ನವ್ವನ ಅಣ್ಣ. ಎರಡು ಮದುವೆ ಒಂದೇ ಹಂದರದಲ್ಲಿ ಆದವು ಎಂದಷ್ಟೇ ನಿನಗೆ ಗೊತ್ತು. ಅದು ಕೊಟ್ಟು ತರುವ ಸಂಬಂಧ, ಮಗಳ. ಸಾಟಿ. ನಿನ್ನ ಕರಪತ್ರದ ಶಬ್ದವೇ.

ನಿನ್ನ ಮಾಮಾ ಓದಿದವರು, ನೌಕರಿ ಇದ್ದವರು. ನನ್ನನ್ನು ನೋಡಲು ಬಾಗಲಕೋಟೆಗೆ ಬಂದರು, ಒಪ್ಪಿದರು. ಅವರ ಹಿರಿಯರು ಒಂದು ಮಾತು ಮುಂದಿಟ್ಟರು: “ನಮ್ಮ ಹುಡುಗ ಬೇಕಂದ್ರ ನಮ್ಮ ಜಯದೇವಿನೂ ನಿಮ್ಮ ಮನಿ ತುಂಬಿಸಿಕೊಳ್ರಿ.” ಉಗ್ಗುತ್ತಾಳೆಂದು ನಿನ್ನವ್ವನಿಗೆ ಬಂದ ಸಂಬಂಧಗಳೆಲ್ಲ ತಪ್ಪಿದ್ದವು. ನನ್ನವ್ವ, ಅಂದರೆ ನಿನ್ನಜ್ಜಿ ಕಾಶವ್ವ, ಅಳಿಯನ ಆಸೆಗೆ ಹೂಂ ಎಂದಳು. ಜಯದೇವಿಯನ್ನು ಯಾರೂ ಕೇಳಲಿಲ್ಲ. ಮದುವೆಯ ಮರುದಿನ ಓಣಿಯ ಹೆಂಗಸರು ಸೊಸೆಯನ್ನು ನೋಡಲು ಬಂದಾಗ ಕಾಶವ್ವ ಅವಳೆದುರೇ ಅಂದಳು: “ಅಳಿಯ ಬಂಗಾರದಂಥಾವ ಸಿಕ್ಕಾನ. ಇದು ಮ್ಯಾಲಿನ ಕೊಸರು.”

ಅದೇ ಅವಳ ಹೆಸರಾಯಿತು. “ಏ ಕೊಸರಾ, ನೀರು ತಾ.” ನಾನು ತವರಿಗೆ ಹೋದಾಗೆಲ್ಲ ಕೇಳಿದ್ದೇನೆ. ನಿನ್ನನ್ನು ತೊಟ್ಟಿಲಿಗೆ ಹಾಕಿದ ದಿನ ನಿನ್ನಪ್ಪ ಉಣ್ಣುತ್ತಿದ್ದ ತಾಟು ಸರಿಸಿ ಹೇಳಿದ: “ನನ್ನ ಮಗಳ ಕಿವ್ಯಾಗ ಆ ಶಬ್ದ ಬಿದ್ರ ನಾವು ಮೂರೂ ಮಂದಿ ಈ ಮನ್ಯಾಗ ಇರಂಗಿಲ್ಲ.” ಆಮೇಲೆ ಕಾಶವ್ವ ಸಾಯುವ ತನಕ ಅನ್ನಲಿಲ್ಲ. ಸಂತೆಯಲ್ಲಿಯೂ ನಿನ್ನವ್ವ ಕೊಸರು ಕೇಳುವುದಿಲ್ಲ. ಕೊಟ್ಟರೆ ತಿರುಗಿ ಇಡುತ್ತಾಳೆ. ನೋಡಿದ್ದೀಯಾ?

ಹಾಗಾದರೆ ಆ ಶಬ್ದ ನಿನಗೆ ಎಲ್ಲಿಂದ ಬಂತು? ನನ್ನಿಂದ. ಹೋದ ವರ್ಷ ಫೋನಿನಲ್ಲಿ ಯಾವುದೋ ಟ್ರೇಡಿನ ಮಾತು ಬಂದಾಗ “ಅಂವ ಏನು ಬಿಡು, ಕೊಸರು” ಎಂದೆ. ನೀನು ಬಿದ್ದು ಬಿದ್ದು ನಕ್ಕೆ. ನೀನು ನಕ್ಕೆಯಲ್ಲ ಎಂದು ನಾನು ಮತ್ತೆ ಮತ್ತೆ ಅಂದೆ. ನನ್ನ ತಮ್ಮ ಬದುಕಿರುವ ತನಕ ಬಾಗಿಲ ಹೊರಗೆ ನಿಲ್ಲಿಸಿದ್ದ ಶಬ್ದವನ್ನು ಆಟದ ಹರಟೆಯಲ್ಲಿ ನಾನು ಒಳಗೆ ಕರೆದೆ. ಅಂದು ಹಾಲ್‌ನಲ್ಲಿ ಅದನ್ನು ಅಚ್ಚಿನಲ್ಲಿ ಕಂಡಾಗ ನನ್ನ ಬಾಯಿ ಕೈಗೆ ಸಿಕ್ಕಿದ್ದರೆ ಅದನ್ನೂ ಹರಿದುಬಿಡುತ್ತಿದ್ದೆ.

ಅವಳು ಯಾವಾಗ ಬರುತ್ತಾಳೆಂದು ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ.

ಶಾಂತವ್ವ

———

ಆಸ್ಟಿನ್
ಜೂನ್ 22, 2025

ಅತ್ತಿ,

ನಿಮ್ಮ ಕಾಗದ ಓದಿ ಎರಡು ದಿನ ಕನ್ನಡಿ ನೋಡಲಿಲ್ಲ. ಬಾಗಲಕೋಟೆಯ ಸಂತೆ ನೆನಪಾಯಿತು. ಕಾಯಿಪಲ್ಯೆಯವಳು ಚೀಲಕ್ಕೆ ಹಾಕಿದ ಹಸಿಮೆಣಸಿನಕಾಯಿಯನ್ನು ಅವ್ವ ಹೆಕ್ಕಿ ತೆಗೆದು ಮತ್ತೆ ಅವಳ ಗುಡ್ಡೆಗೇ ಇಡುತ್ತಿದ್ದಳು. ಅವ್ವ ಬಹಳ ಪ್ರಾಮಾಣಿಕಳು ಎಂದು ಶಾಲೆಯಲ್ಲಿ ನಿಬಂಧ ಬರೆದಿದ್ದೆ.

ನನ್ನ ಸಾಲುಗಳನ್ನು ಈಗ ಅವಳ ಕಣ್ಣಿನಿಂದ ಓದುತ್ತಿದ್ದೇನೆ. “ಬಾಯಿ ತೆರೆಯದವರು ತಮ್ಮ ಬೆಲೆ ತಾವೇ ಒಪ್ಪಿಕೊಂಡವರು.” ಇದನ್ನು ಓದಿ ಅವಳು ಅಂಚಿಗೆ ಅಂಚು ಕೂಡಿಸಿ ಮಡಚಿದಳು. ನಾಚಿಕೆ ಎಂಬ ಶಬ್ದ ಸಾಲುವುದಿಲ್ಲ.

ಆದರೆ ಬರೀ ನಾಚಿಕೊಂಡು ಕೂರುವವಳು ನಾನಲ್ಲ. ತಪ್ಪು ಎಲ್ಲಿ ಆಯಿತೋ ಅಲ್ಲಿಯೇ ತಿದ್ದಬೇಕು, ಬಹಿರಂಗದ ತಪ್ಪಿಗೆ ಬಹಿರಂಗದ ಪ್ರಾಯಶ್ಚಿತ್ತ. ಹೊಸ ಕರಪತ್ರ ಬರೆದಿದ್ದೇನೆ, ಇದರ ಜೊತೆಗೆ ಇಟ್ಟಿದ್ದೇನೆ. ಹೆಸರು ‘ನನ್ನ ತಾಯಿ ಕೊಸರಲ್ಲ’. ಡ್ರಾಫ್ಟಿನಿಂದ ಶುರು ಮಾಡಿ ಹಂದರದ ತನಕ ಒಯ್ದಿದ್ದೇನೆ. ಅಲ್ಲಿ ಅಂಗೈ ಅಳೆಯುತ್ತಾರೆ, ಇಲ್ಲಿ ನಾಲಿಗೆ ಅಳೆದರು. ಅಜ್ಜಿಯ ಮಾತನ್ನು ಆಕೆ ಆಡಿದ ಹಾಗೆಯೇ ಬರೆದಿದ್ದೇನೆ. ಮೊದಲ ಪುಟಕ್ಕೆ ಅವ್ವನ ಮದುವೆಯ ಫೋಟೋ ಹಾಕಿದ್ದೇನೆ, ತಲೆ ಬಗ್ಗಿಸಿ ನಿಂತದ್ದು. ಓದಿದವರು ಅಳದೆ ಇರಲಾರರು. ಜುಲೈನಲ್ಲಿ ಹ್ಯೂಸ್ಟನ್‌ನಲ್ಲಿ ಕನ್ನಡದವರ ಪಿಕ್‌ನಿಕ್ ಇದೆಯಲ್ಲ, ಅಲ್ಲಿ ಹಂಚುತ್ತೇನೆ. ಮೊದಲ ಪ್ರತಿಯನ್ನು ಅವ್ವನ ಕೈಗೆ ಎಲ್ಲರೆದುರು ಕೊಡುತ್ತೇನೆ. ಅಲ್ಲಿಯವರೆಗೆ ಅವಳಿಗೆ ಹೇಳಬೇಡಿ.

ಪ್ರಗತಿ

———

ಸೈಪ್ರೆಸ್
ಜುಲೈ 1, 2025

ಪ್ರಗತಿ,

ಅವಳನ್ನು ಕೇಳಿದೆಯಾ?

ಡ್ರಾಫ್ಟ್ ದಿನ ಹುಡುಗನ ಹೆಸರು ಕರೆದ ಕೂಡಲೇ ಟೀವಿಯವರು ಅವನ ತಾಯಿಯ ಮುಖದ ಹತ್ತಿರ ಕ್ಯಾಮೆರಾ ಒಯ್ಯುತ್ತಾರೆ. ಅವಳು ಪಟ್ಟ ಕಷ್ಟ ಓದಿ ಹೇಳಿ, ಅವಳು ಅಳುವ ತನಕ ಬಿಡುವುದಿಲ್ಲ. “ಅದನ್ನೂ ಮಾರ್ತಾರ ನೋಡ್ರಿ ಅತ್ತಿ, ಕಣ್ಣೀರನ್ನೂ ಬಿಡಂಗಿಲ್ಲ” ಎಂದು ಬೈದವಳು ನೀನೇ.

ನೀನು ಕಳಿಸಿದ್ದನ್ನು ನಾನು ಅವಳಿಗೆ ತೋರಿಸಿಲ್ಲ. ಹರಿದೂ ಇಲ್ಲ. ಒಮ್ಮೆ ಹರಿದು ಕೈ ಸೋತಿದೆ. ಇದನ್ನು ಏನು ಮಾಡಬೇಕೆಂದು ನೀನೇ ನೋಡಿಕೊ.

ಶಾಂತವ್ವ

———

ಆಸ್ಟಿನ್
ಜುಲೈ 13, 2025

ಅತ್ತಿ,

ಕೇಳಲಿಲ್ಲ.

ಅಚ್ಚು ಹಾಕಿಸುವುದನ್ನು ನಿಲ್ಲಿಸಿದೆ, ಕಂಪ್ಯೂಟರಿನಲ್ಲಿದ್ದುದನ್ನೂ ಅಳಿಸಿದೆ. ನಿಮ್ಮಲ್ಲಿರುವ ಪ್ರತಿಯನ್ನು ದಯವಿಟ್ಟು ಒಲೆಗೆ ಹಾಕಿ.

ಅದನ್ನು ಬರೆಯುವಾಗ ನನಗೆ ಖುಷಿಯಾಗಿತ್ತು. ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ‘ಅಲ್ಲಿ ಅಂಗೈ, ಇಲ್ಲಿ ನಾಲಿಗೆ’ ಎಂಬ ಸಾಲು ಹೊಳೆದಾಗ ಎದ್ದು ಕೋಣೆಯಲ್ಲಿ ಓಡಾಡಿದ್ದೆ. ಅವ್ವನ ಮೂವತ್ತು ವರ್ಷದ ಸಂಕಟ ನನ್ನ ಕೈಗೆ ಬಂದ ಕೂಡಲೇ ಅದನ್ನು ಯಾರ ಮುಂದೆ ಎತ್ತಿ ಹಿಡಿಯಲಿ ಎಂದು ಯೋಚಿಸಿದೆ. ಕಾಶವ್ವಜ್ಜಿ ಓಣಿಯ ಹೆಂಗಸರನ್ನು ಕರೆದಿದ್ದಳು. ನಾನು ಹ್ಯೂಸ್ಟನ್‌ನ ಪಿಕ್‌ನಿಕ್ ಆರಿಸಿಕೊಂಡಿದ್ದೆ.

ಅವ್ವನಿಗೆ ಕಾಗದ ಬರೆಯಲು ಕೂತೆ. ಐದು ಬಾರಿ ಬರೆದೆ. ಪ್ರತಿ ಸಲವೂ ನಾಲ್ಕನೇ ಸಾಲಿಗೆ ಅದು ಕರಪತ್ರವಾಗುತ್ತದೆ. ಕ್ಷಮಿಸು ಎಂಬ ಒಂದು ಮಾತಿಗೆ ನನಗೆ ಇಷ್ಟು ಭಾಷೆ ಏಕೆ ಬೇಕು?

ಏನು ಮಾಡಬೇಕೆಂದು ಹೇಳಿ. ಈ ಸಲ ಮೊದಲೇ ಕೇಳುತ್ತಿದ್ದೇನೆ.

ಪ್ರಗತಿ

———

ಸೈಪ್ರೆಸ್
ಜುಲೈ 27, 2025

ಪ್ರಗತಿಗೆ ಆಶೀರ್ವಾದಗಳು.

ಸುದ್ದಿ ನೋಡಿದೆಯಾ? ಬ್ರಿಗ್ಸ್ ಹೊಸ ತಂಡದ ತರಬೇತಿ ಕ್ಯಾಂಪಿಗೆ ಹೋಗಿಲ್ಲ. ಉಳಿದವರೆಲ್ಲ ಬಂದರು, ಅವನು ಬರಲಿಲ್ಲ. ದಿನಕ್ಕಿಷ್ಟು ಎಂದು ದಂಡ ಬೀಳುತ್ತಿದೆಯಂತೆ, ಬೀಳಲಿ ಎಂದು ಮನೆಯಲ್ಲಿ ಕೂತಿದ್ದಾನೆ. ಪತ್ರಿಕೆಯವರಿಗೆ ಒಂದು ಮಾತೂ ಹೇಳಿಲ್ಲ. ಹೊಸ ಒಪ್ಪಂದವಾಗದೆ ಹೋಗುವುದಿಲ್ಲ, ಹೋಲ್ಡೌಟ್, ಅಷ್ಟೇ.

ಟೀವಿಯಲ್ಲಿ ಇದನ್ನು ಹೇಳಿದಾಗ ನಿನ್ನವ್ವ ಬಟಾಣಿ ಸುಲಿಯುತ್ತಿದ್ದಳು. ಸಿಪ್ಪೆ ಕೈಯಲ್ಲಿ ಹಾಗೇ ಇತ್ತು, ನಗಲು ಶುರು ಮಾಡಿದಳು. ನಿನ್ನಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿಲ್ಲ. “ನಂ... ನಂದೂ ಅದ ಕಥಿ ಈಗ” ಎಂದಳು. ನಿನ್ನ ಮಾಮಾ ಬಿಟ್ಟಾರೆಯೇ? “ಮೂರು ತಿಂಗಳಾತು, ನನ್ನ ತಂಗಿ ಹೋಲ್ಡೌಟ್ ಮಾಡ್ಯಾಳಲ್ಲಪಾ! ದಂಡ ಹಾಕೂಣೇನು?” ಎಂದರು. “ಹಾಕ್ರಿ, ನಿಮ್ಮ ಅಂಗಡ್ಯಾಗಿಂದ ಕೊಡ್ರಿ” ಎಂದು ನಾನು ಅಂದೆ.

ನಕ್ಕು ಮುಗಿದ ಮೇಲೆ ನಾನು ಕೇಳಿದೆ. ಮೊದಲೇ ಕೇಳಬೇಕಿತ್ತು, ಹೆದರಿದ್ದೆ. “ಮನಿಗೆ ಹೋಗಾಕ ಏನು ಬೇಕು ನಿನಗ?” ಅವಳು ಬಹಳ ಹೊತ್ತು ತಗೊಂಡಳು. ನಾನು ಬಟಾಣಿ ಸುಲಿಯುತ್ತ ಕೂತೆ. ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೆ ಬರೆಯುತ್ತೇನೆ. ಉಗ್ಗನ್ನು ಬರೆಯಬೇಡ ಎಂದಿದ್ದಾಳೆ, ಅದಕ್ಕೆ ಬಿಟ್ಟಿದ್ದೇನೆ.

“ಕೊಸರು ಅಂದಿದ್ದಕ್ಕ ನೋವಾತು. ಆದ್ರ ಅದು ಆಕಿಗೆ ಗೊತ್ತಿರಲಿಲ್ಲ, ಅದನ್ನ ನಾ ಬಿಟ್ಟೆ. ಆಕಿ ನನ್ನ ಮಾತು ಮುಗಸ್ತಾಳ. ನಾ ಒಂದು ಶಬ್ದ ತಗದ್ರ ಉಳಿದದ್ದು ತಾನ ಹೇಳ್ತಾಳ. ಅಂಗಡ್ಯಾಗ, ಡಾಕ್ಟರ್ ಮುಂದ, ಮನ್ಯಾಗ. ಪ್ರೀತಿಲಿಂದನ ಹೇಳ್ತಾಳ. ಆದ್ರ ಅದು ನಾ ಹೇಳಬೇಕಂದದ್ದು ಇರಂಗಿಲ್ಲ. ಆಕಿದು ಕೇಳಿ ನಾ ಹೂಂ ಅಂತೇನಿ. ಅವತ್ತು ಅಕ್ಷರ ಚಂದ ಮೂಡ್ಯಾವ ಅಂದೆ, ಮುಂದ ಇನ್ನೊಂದು ಮಾತಿತ್ತು. ಆಕಿ ಥ್ಯಾಂಕ್ಸ್ ಅವ್ವಾ ಅಂದು ಎದ್ದು ಹೋದ್ಲು.”

ಆ ಇನ್ನೊಂದು ಮಾತು ಏನೆಂದು ನನಗೂ ಹೇಳಿಲ್ಲ. ನಿನಗೇ ಹೇಳುತ್ತಾಳಂತೆ. ನಮ್ಮ ಮನೆಯಲ್ಲಿ ಬೇಡ, ನಿಮ್ಮ ಮನೆಯಲ್ಲೂ ಬೇಡ, ನಡುವೆ ಎಲ್ಲಾದರೂ ಎಂದಳು. ಬ್ರೆನ್ಹ್ಯಾಮ್ ಸಾಕೇ? ಇಬ್ಬರಿಗೂ 290 ಹೆದ್ದಾರಿಯ ಮೇಲೆಯೇ ಬರುತ್ತದೆ. ನಾನು ಅವಳನ್ನು ಇಳಿಸಿ ಹೋಗುತ್ತೇನೆ, ಕೂರುವುದಿಲ್ಲ. ನೀನು ಕಾಗದ ತರಬೇಡ. ಅವಳ ಮಾತು ನಿಂತಲ್ಲಿ ನೀನೂ ನಿಲ್ಲು. ಎಷ್ಟು ಹೊತ್ತಾದರೂ ಸರಿ, ಅವಳ ಮಾತನ್ನು ಅವಳೇ ಮುಗಿಸಲಿ.

ಆಮೇಲೆ ಮನೆಗೆ ಬರುತ್ತಾಳೋ ಇಲ್ಲವೋ ಎಂಬ ಮಾತು ನಾನು ಕೊಡಲಾರೆ. ನನ್ನ ಮಾತನ್ನು ಅವಳಿಗೆ ಆಗಲೇ ಹೇಳಿದ್ದೇನೆ, ಆ ಶಬ್ದ ನನ್ನಿಂದ ಬಂತೆಂದು. ಅವಳ ಉತ್ತರಕ್ಕೆ ನಾನು ಕಾಯುತ್ತಿದ್ದೇನೆ.

ಶಾಂತವ್ವ

———

ಆಸ್ಟಿನ್
ಆಗಸ್ಟ್ 2, 2025

ಅತ್ತಿ,

ಹೌದು, ಮುಗಿಸುತ್ತೇನೆ. ನನಗೆ ಗೊತ್ತೇ ಇರಲಿಲ್ಲ. ಅವಳಿಗೆ ಸಹಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅಪ್ಪನ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಡಾಕ್ಟರ್ ಅವ್ವನನ್ನೇ ನೋಡಿ ಏನೋ ಕೇಳಿದರು. ಅವ್ವ “ಅವ್ರಿಗೆ...” ಎಂದಳು. “ನೋವು ಜಾಸ್ತಿಯಾಗಿದೆ” ಎಂದು ನಾನು ಮುಗಿಸಿದೆ. ಅವ್ವ ತಲೆ ಆಡಿಸಿದಳು. ಅಪ್ಪನ ಬಗ್ಗೆ ಅವಳು ಏನು ಹೇಳಬೇಕೆಂದಿದ್ದಳೋ ನನಗೆ ಇವತ್ತಿಗೂ ತಿಳಿಯದು. ಇಡೀ ವಾರ ಇಂಥವೇ ನೆನಪಾಗುತ್ತಿವೆ, ಒಂದರ ಹಿಂದೆ ಒಂದು. ಎಲ್ಲವನ್ನೂ ಬರೆದರೆ ಮತ್ತೆ ಕರಪತ್ರವಾಗುತ್ತದೆ. ಬರೆಯುವುದಿಲ್ಲ.

ಕಾಗದ ತರುವುದಿಲ್ಲ. ಫೋನನ್ನು ಕಾರಿನಲ್ಲಿ ಬಿಡುತ್ತೇನೆ. ಅವಳು ಬೈದರೆ ಬೈಸಿಕೊಳ್ಳುತ್ತೇನೆ. ಅವಳ ಮಾತು ನಡುವೆ ನಿಂತರೆ ನಾನೂ ಸುಮ್ಮನೆ ನಿಲ್ಲುತ್ತೇನೆ. ಅವಳು ಮತ್ತೆ ನಿಮ್ಮ ಕಾರು ಹತ್ತಿದರೆ ತಡೆಯುವುದಿಲ್ಲ. ನನಗೆ ಹೆದರಿಕೆಯಾಗಿದೆ ಎಂದು ಮಾತ್ರ ಅವಳಿಗೆ ಹೇಳಿ. ಹೇಳಬಹುದೇ ಎಂದು ಮೊದಲು ಅವಳನ್ನು ಕೇಳಿ.

ಬ್ರೆನ್ಹ್ಯಾಮ್ ಆಗಬಹುದು. ಊರ ನಡುವೆ ಕೋರ್ಟ್ ಕಟ್ಟಡ ಇದೆ, ಅದರ ಮುಂದಿನ ಮೆಟ್ಟಿಲ ಹತ್ತಿರ ನಿಂತಿರುತ್ತೇನೆ. ಆಗಸ್ಟ್ ಒಂಬತ್ತು, ಶನಿವಾರ, ಬೆಳಿಗ್ಗೆ ಹತ್ತೂವರೆಗೆ.

ಪ್ರಗತಿ